ಪಿಪಿಗೆ ವಿ-0 ಬೇಕಾ? ಬೆಂಕಿ ತಡೆಯುವ ಪ್ಲಾಸ್ಟಿಕ್ ಮಾಡಿ, ಸುಟ್ಟು ನೋಡುವ ಬಗೆ

"ಎಷ್ಟು ಪರ್ಸೆಂಟ್ ಹಾಕಿದರೆ ವಿ-0 ಬರುತ್ತೆ?"

ಪಾಲಿಮರ್ ಓದುವ ವಿದ್ಯಾರ್ಥಿಗಳಿಂದ, ಸಣ್ಣ ಮೋಲ್ಡಿಂಗ್ ಘಟಕ ನಡೆಸುವವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಒಂದು ಅಂಕಿ ಹೇಳಿ ಮುಗಿಸಿಬಿಡಿ ಅನ್ನುತ್ತಾರೆ. ಅದು ಆಗುವ ಕೆಲಸ ಅಲ್ಲ. ಯಾವ ಪ್ಲಾಸ್ಟಿಕ್, ಎಷ್ಟು ದಪ್ಪ, ಯಾವ ಪರೀಕ್ಷೆ ಎಂದು ಕೇಳದೆ ಯಾರಾದರೂ ಅಂಕಿ ಹೇಳಿದರೆ ಅದನ್ನು ನಂಬಬೇಡಿ. ಹಾಗಾಗಿ ಇಲ್ಲಿ ಪಾಲಿಪ್ರೊಪಿಲೀನನ್ನು, ಅಂದರೆ ನಾವೆಲ್ಲ ಪಿಪಿ ಅನ್ನುವ ಪ್ಲಾಸ್ಟಿಕನ್ನು ಉದಾಹರಣೆಗೆ ಇಟ್ಟುಕೊಂಡು, ಬೆಂಕಿ ತಡೆಯುವ ಪುಡಿ ಆರಿಸುವುದರಿಂದ ವರದಿ ಬರೆಯುವವರೆಗೆ ಹೇಳುತ್ತೇನೆ. ಪಿಪಿ ಎಲ್ಲ ಕಡೆ ಸಿಗುತ್ತದೆ. ಜೊತೆಗೆ ಚೆನ್ನಾಗಿ ಉರಿಯುತ್ತದೆ! ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಪ್ಲಾಸ್ಟಿಕ್ ಇಲ್ಲ.

ವಿ-0 ಅಂದರೇನು ಎಂದು ಗೊತ್ತಿಲ್ಲದವರಿಗೆ ಒಂದು ಮಾತು. ಅಮೆರಿಕದ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಸಂಸ್ಥೆಯ ಯುಎಲ್ 94 ಎಂಬ ಪರೀಕ್ಷೆಯಲ್ಲಿ, ನೇರವಾಗಿ ತೂಗುಹಾಕಿದ ಪಟ್ಟಿಗೆ ಸಣ್ಣ ಜ್ವಾಲೆ ಹಿಡಿದಾಗ ಸಿಗುವ ದರ್ಜೆಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಅದು. ಸ್ವಿಚ್, ಚಾರ್ಜರ್, ಕನೆಕ್ಟರ್ ಮಾಡುವವರು ಕೇಳುವುದು ಇದನ್ನೇ.

ಏನೇನು ಬೇಕು?

ಪಿಪಿ ಗ್ರ್ಯಾನ್ಯೂಲ್, ಬೆಂಕಿ ತಡೆಯುವ ಪುಡಿ, ಒಣಗಿಸುವ ಓವನ್, ಕರಗಿಸಿ ಬೆರೆಸಿ ಎಳೆಯಾಗಿ ಹೊರತಳ್ಳುವ ಟ್ವಿನ್ ಸ್ಕ್ರೂ ಎಕ್ಸ್‌ಟ್ರೂಡರ್ ಅಥವಾ ಚಿಕ್ಕ ಬ್ಯಾಚ್ ಮಿಕ್ಸರ್, ಪಟ್ಟಿ ಮಾಡಲು ಇಂಜೆಕ್ಷನ್ ಇಲ್ಲವೇ ಕಂಪ್ರೆಷನ್ ಮೋಲ್ಡಿಂಗ್ ಯಂತ್ರ, ಗಾಳಿ ಬೀಸದ ಸುಡುವ ಪೆಟ್ಟಿಗೆ, ಸರಿಯಾದ ಬರ್ನರ್, ಸ್ಟಾಪ್‌ವಾಚ್, ಹತ್ತಿ. ಇಷ್ಟೂ ಒಂದೇ ಕಡೆ ಇರಬೇಕೆಂದಿಲ್ಲ. ಮೈಸೂರಿನಲ್ಲಿರುವ, ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆ ಸಿಪೆಟ್‌ನಂಥ ಕಡೆ ಪ್ಲಾಸ್ಟಿಕ್ ಸಂಸ್ಕರಣೆಗೆ, ಪರೀಕ್ಷೆಗೆ ವ್ಯವಸ್ಥೆ ಇದೆ. ಕೇಬಲ್ ಕಡೆಯ ಕೆಲಸವಾದರೆ ಬೆಂಗಳೂರಿನ ಸಿಪಿಆರ್‌ಐ, ಅಂದರೆ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಇದೆ. ಮೊದಲೇ ಹೋಗಿ ಮಾತಾಡಿಕೊಂಡು ಬನ್ನಿ. ಪಟ್ಟಿಯ ಅಳತೆ ಅವರ ಯಂತ್ರಕ್ಕೆ ಹೊಂದದಿದ್ದರೆ ಆಮೇಲೆ ಕೂತು ಗರಗಸ ಹಿಡಿಯಬೇಕಾಗುತ್ತದೆ.

ಬೆಂಕಿ ಎಲ್ಲಿ ಹತ್ತುತ್ತದೆ?

ಇದನ್ನು ಬಿಟ್ಟು ಮುಂದೆ ಹೋಗಬೇಡಿ, ಚಿಕ್ಕದೇ ಇದೆ. ಪ್ಲಾಸ್ಟಿಕ್ ಗಟ್ಟಿಯಾಗಿದ್ದಾಗ ಜ್ವಾಲೆ ಎದ್ದು ಉರಿಯುವುದಿಲ್ಲ. ಬಿಸಿಗೆ ಕರಗಿ, ಅದರ ಉದ್ದನೆಯ ಸರಪಳಿಗಳು ಮುರಿದು, ಅನಿಲವಾಗಿ ಹೊರಬರುತ್ತವೆ. ಆ ಅನಿಲ ಗಾಳಿಯಲ್ಲಿ ಬೆರೆತು ಉರಿಯುತ್ತದೆ. ಆ ಉರಿಯ ಬಿಸಿ ತಿರುಗಿ ಪ್ಲಾಸ್ಟಿಕ್‌ಗೇ ಬಂದು ಇನ್ನಷ್ಟು ಅನಿಲ ಹೊರಡಿಸುತ್ತದೆ. ಈ ಸುತ್ತನ್ನು ಎಲ್ಲಾದರೂ ಕಡಿದರೆ ಬೆಂಕಿ ಆರುತ್ತದೆ. ಕೆಲವು ಪುಡಿಗಳು ನೀರು ಬಿಟ್ಟು ತಣಿಸುತ್ತವೆ. ಕೆಲವು ಮೇಲೆ ಇದ್ದಿಲಿನ ಪದರ ಕಟ್ಟಿ ಬಿಸಿಗೂ ಅನಿಲಕ್ಕೂ ಅಡ್ಡ ನಿಲ್ಲುತ್ತವೆ. ಬ್ರೋಮಿನ್ ಇರುವಂಥವು ಜ್ವಾಲೆಯೊಳಗೇ ಹೋಗಿ ಉರಿಯುವ ಕ್ರಿಯೆಯನ್ನು ಕೆಡಿಸುತ್ತವೆ. ನಿಮ್ಮ ಪುಡಿ ಇವುಗಳಲ್ಲಿ ಯಾವ ಕೆಲಸ ಮಾಡುತ್ತದೆ ಎಂದು ಗೊತ್ತಿದ್ದರೆ ಮುಂದಿನ ಅರ್ಧ ತಲೆನೋವು ಕಡಿಮೆ.

ಹಂತ 1: ಮೊದಲು ಪರೀಕ್ಷೆ ಆರಿಸಿ, ಪುಡಿ ಆಮೇಲೆ

ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ಯಾವುದೋ ನ್ಯಾನೋ ಪುಡಿ ಕೈಗೆ ಸಿಕ್ಕಿತು ಅಂತ ಹಾಕುತ್ತಾರೆ, ಆಮೇಲೆ ಯಾವ ಪರೀಕ್ಷೆ ಮಾಡೋಣ ಅನ್ನುತ್ತಾರೆ. "ಬೆಂಕಿ ತಡೆಯುವ ಗುಣ" ಎಂಬ ಒಂದೇ ಗುಣ ಇಲ್ಲ. ಬೇಗ ಹತ್ತದಿರುವುದು, ಹತ್ತಿದರೂ ಬೇಗ ಆರುವುದು, ಉರಿಯುವ ಹನಿ ಬೀಳದಿರುವುದು, ಉರಿಯುವಾಗ ಕಡಿಮೆ ಬಿಸಿ ಕೊಡುವುದು, ಕಡಿಮೆ ಹೊಗೆ ಬಿಡುವುದು, ಇವೆಲ್ಲ ಬೇರೆ ಬೇರೆ. ಒಂದರಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಸೋಲಬಹುದು.

ನ್ಯಾನೋಕ್ಲೇ, ಅಂದರೆ ಅತಿ ಸಣ್ಣ ಕಣಗಳ ಜೇಡಿಮಣ್ಣಿನ ಪುಡಿ, ಇದಕ್ಕೆ ಒಳ್ಳೆಯ ಉದಾಹರಣೆ. ಐದು ಶೇಕಡಾದಷ್ಟು ಹಾಕಿ ಚೆನ್ನಾಗಿ ಬೆರೆಸಿದರೆ ಉರಿಯುವ ವಸ್ತು ಕೊಡುವ ಬಿಸಿ ಅಳೆಯುವ ಕೋನ್ ಕ್ಯಾಲೊರಿಮೀಟರಿನಲ್ಲಿ ಬಿಸಿಯ ಶಿಖರ, ಅಂದರೆ ಅತಿ ಹೆಚ್ಚಿನ ಬಿಸಿ, ಚೆನ್ನಾಗಿ ಇಳಿಯುತ್ತದೆ. ಅದೇ ಪಟ್ಟಿಯನ್ನು ಯುಎಲ್ 94ರಲ್ಲಿ ನೇರ ತೂಗುಹಾಕಿ ಹಚ್ಚಿ ನೋಡಿ. ನಿಧಾನವಾಗಿ, ಆರಾಮಾಗಿ, ಕ್ಲಾಂಪಿನವರೆಗೂ ಉರಿಯುತ್ತದೆ. ಕ್ಲೇ ಒಂದನ್ನೇ ಹಾಕಿ ವಿ-0 ತರುತ್ತೇನೆ ಎಂದು ಪ್ರಾಜೆಕ್ಟ್ ಬರೆಯಬೇಡಿ.

ಹೀಗೆ ನಿರ್ಧರಿಸಿ:

ವಿದ್ಯುತ್ ಉಪಕರಣದ ಬಿಡಿಭಾಗಕ್ಕೆ ಯುಎಲ್ 94. ಅದರ ಸಣ್ಣ ಜ್ವಾಲೆಯ ಪರೀಕ್ಷೆಗೆ ಅಂತರರಾಷ್ಟ್ರೀಯ ಜೋಡಿ ಐಇಸಿ 60695-11-10. ಜೊತೆಗೆ ಕೆಂಪಗೆ ಕಾದ ತಂತಿ ಒತ್ತಿ ನೋಡುವ ಗ್ಲೋ ವೈರ್ ಪರೀಕ್ಷೆಯನ್ನೂ ಗ್ರಾಹಕರು ಕೇಳುತ್ತಾರೆ.

ಕೇಬಲ್ ಹೊದಿಕೆಗೆ ಆಕ್ಸಿಜನ್ ಇಂಡೆಕ್ಸ್, ಅಂದರೆ ಉರಿಯುತ್ತಿರಲು ಬೇಕಾದ ಆಮ್ಲಜನಕದ ಶೇಕಡಾ (ಹಂತ 8 ನೋಡಿ). ಪಿವಿಸಿ ಕೇಬಲ್‌ಗಳ ಭಾರತೀಯ ಮಾನಕ ಐಎಸ್ 694ರಲ್ಲಿ ಎಫ್ಆರ್ (ಬೆಂಕಿ ತಡೆಯುವ) ಪಿವಿಸಿ ಕೇಬಲ್‌ಗೆ ಇದು ಕನಿಷ್ಠ 29 ಇರಬೇಕು.

ಬೆಂಕಿ ದೊಡ್ಡದಾದಾಗ ವಸ್ತು ಎಷ್ಟು ಬಿಸಿ ಕೊಡುತ್ತದೆ ಎಂದು ತಿಳಿಯಲು, ಅಥವಾ ಸಂಶೋಧನಾ ಲೇಖನ ಬರೆಯಲು, ಕೋನ್ ಕ್ಯಾಲೊರಿಮೀಟರ್.

ಕಟ್ಟಡದ ಹೊರಗೋಡೆಯ ಹೊದಿಕೆ ಮಾಡುವವರಿಗೆ ಈ ಲೇಖನ ಸಾಲದು. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್ ಬೆಂಕಿಯಲ್ಲಿ 72 ಜನ ಸತ್ತರು. ಅಲ್ಲಿನ ಹೊದಿಕೆ ಹಲಗೆಗಳ ಒಳಗೆ ಇದ್ದದ್ದು ಪಾಲಿಎಥಿಲೀನ್. ಅಂಥ ಕಡೆ ಇಡೀ ಗೋಡೆಯ ಜೋಡಣೆಯನ್ನೇ ಸುಟ್ಟು ನೋಡುವ ದೊಡ್ಡ ಪರೀಕ್ಷೆ ಬೇಕು. ಬೆರಳಗಲದ ಪಟ್ಟಿಯ ಫಲಿತಾಂಶ ತೋರಿಸಿ ಯಾರೂ ಅದಕ್ಕೆ ಭರವಸೆ ಕೊಡಬಾರದು.

ನಮ್ಮ ಉದಾಹರಣೆಗೆ ಗುರಿ: 3 ಮಿಮೀ ದಪ್ಪದ ಪಿಪಿ ಪಟ್ಟಿ, ವಿ-0. ದಪ್ಪವನ್ನು ಈಗಲೇ ಬರೆದಿಟ್ಟುಕೊಳ್ಳಿ. ದಪ್ಪ ಹೇಳದ ವಿ-0ಗೆ ಅರ್ಥವೇ ಇಲ್ಲ. 3 ಮಿಮೀನಲ್ಲಿ ವಿ-0 ಬಂದ ಮಾಲು 1.5 ಮಿಮೀನಲ್ಲಿ ಫೇಲಾಗುವುದು ದಿನನಿತ್ಯದ ಸಂಗತಿ.

ಹಂತ 2: ಪುಡಿ ಆರಿಸುವುದು, ತಾಪ ನೋಡಿಕೊಂಡು

ಅತಿ ಹೆಚ್ಚು ಕೆಲಸ ಕೆಡುವುದು ಇಲ್ಲಿ. ಬೆಂಕಿ ತಡೆಯುವ ಪುಡಿ ಬೆಂಕಿಯಲ್ಲಿ ಒಡೆಯಬೇಕು, ಎಕ್ಸ್‌ಟ್ರೂಡರಿನ ಒಳಗೆ ಒಡೆಯಬಾರದು.

ಅಲ್ಯೂಮಿನಿಯಂ ಹೈಡ್ರಾಕ್ಸೈಡ್, ಮಾರುಕಟ್ಟೆಯಲ್ಲಿ ಎಟಿಎಚ್, ಅಗ್ಗ. ಬಿಸಿಗೆ ತನ್ನ ತೂಕದ ಸುಮಾರು 35 ಶೇಕಡಾ ನೀರು ಬಿಡುತ್ತದೆ. ಆದರೆ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಬಿಡಲು ಶುರು ಮಾಡುತ್ತದೆ. ಪಿಪಿಯನ್ನು ನಾವು ಓಡಿಸುವುದು 190ರಿಂದ 230 ಡಿಗ್ರಿಯಲ್ಲಿ. ಫಲಿತಾಂಶ ಏನು? ಎಕ್ಸ್‌ಟ್ರೂಡರಿನ ಬಾಯಿಯಾದ ಡೈಯಿಂದ ಗುಳ್ಳೆಗುಳ್ಳೆಯಾದ ಮಾಲು ಬರುತ್ತದೆ. ಎಟಿಎಚ್‌ಗೆ ಇವಿಎ, ಎಲ್‌ಡಿಪಿಇ, ಮೆತ್ತನೆಯ ಪಿವಿಸಿ ಸರಿ, ಇವು ಕಡಿಮೆ ತಾಪದಲ್ಲಿ ಓಡುತ್ತವೆ. ಪಿಪಿಗೆ ಬೇಡ.

ಮೆಗ್ನೀಸಿಯಂ ಹೈಡ್ರಾಕ್ಸೈಡ್, ಅಂದರೆ ಎಂಡಿಎಚ್, 300 ಡಿಗ್ರಿ ದಾಟಿದ ಮೇಲೆ ಒಡೆಯುತ್ತದೆ. ಸುಮಾರು 31 ಶೇಕಡಾ ನೀರು. ಪಿಪಿಗೆ ಆಗುತ್ತದೆ. ಹೊಗೆಯೂ ಕಡಿಮೆ. ತೊಂದರೆ ಒಂದೇ, ವಿ-0 ಬೇಕೆಂದರೆ ತೂಕದಲ್ಲಿ 60 ಶೇಕಡಾ ಆಸುಪಾಸು ಹಾಕಬೇಕಾಗುತ್ತದೆ. ಅಷ್ಟು ಹಾಕಿದರೆ ಪಿಪಿಯ ಬಾಗುವ, ಎಳೆಯುವ ಗುಣ ಹೋಗಿ ಮಾಲು ಟಕ್ಕನೆ ಮುರಿಯುತ್ತದೆ.

ಎರಡನೇ ದಾರಿ ಉಬ್ಬುವ ಪದ್ಧತಿ. ಅಮೋನಿಯಂ ಪಾಲಿಫಾಸ್ಫೇಟ್ (ಎಪಿಪಿ) ಮತ್ತು ಪೆಂಟಾಎರಿಥ್ರಿಟಾಲ್ ಜೊತೆಯಾಗಿ ಹಾಕುತ್ತಾರೆ, ಕೆಲವರು ಮೆಲಮೈನ್ ಕೂಡ ಸೇರಿಸುತ್ತಾರೆ. ಎಪಿಪಿಯಿಂದ ಆಮ್ಲ ಬರುತ್ತದೆ. ಆ ಆಮ್ಲ ಪೆಂಟಾಎರಿಥ್ರಿಟಾಲಿನಿಂದ ಇದ್ದಿಲು ಮಾಡಿಸುತ್ತದೆ. ಹೊರಡುವ ಅಮೋನಿಯಾ ಮೊದಲಾದ ಅನಿಲಗಳು ಆ ಇದ್ದಿಲನ್ನು ಹಾಲು ಉಕ್ಕಿದ ಹಾಗೆ ಉಬ್ಬಿಸುತ್ತವೆ. ಒಳಗಿನ ಪ್ಲಾಸ್ಟಿಕ್‌ಗೆ ಬಿಸಿ ತಾಗುವುದಿಲ್ಲ. 25ರಿಂದ 30 ಶೇಕಡಾ ಹಾಕಿದರೆ 3 ಮಿಮೀ ಪಿಪಿಯಲ್ಲಿ ವಿ-0 ಮುಟ್ಟಬಹುದು. ಎಪಿಪಿ ಕೊಳ್ಳುವಾಗ "ಫೇಸ್ 2" ಎಂದು ಒತ್ತಿ ಕೇಳಿ. ಅದರ ಸರಪಳಿ ಉದ್ದ, ನೀರಿನಲ್ಲಿ ಕರಗುವುದು ಕಡಿಮೆ, ತಾಪವನ್ನೂ ಜಾಸ್ತಿ ತಡೆಯುತ್ತದೆ. ಗೊಬ್ಬರಕ್ಕೆ ಮಾರುವ ಚಿಕ್ಕ ಸರಪಳಿಯ ಎಪಿಪಿ ಅಗ್ಗಕ್ಕೆ ಸಿಗುತ್ತದೆ ಅಂತ ತರಬೇಡಿ, ಅದು ನೀರಿಗೆ ಬಿದ್ದರೆ ಕರಗಿ ಹೋಗುತ್ತದೆ.

ಬ್ರೋಮಿನ್ ಇರುವ ಪುಡಿ ಮತ್ತು ಆಂಟಿಮನಿ ಟ್ರೈಆಕ್ಸೈಡ್ ಜೋಡಿ ಕಡಿಮೆ ಪ್ರಮಾಣದಲ್ಲೇ ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಕಾನೂನು ನೋಡಿ. ಈ ಬ್ರೋಮಿನ್ ಪದಾರ್ಥಗಳಲ್ಲಿ ಪೆಂಟಾ ಮತ್ತು ಆಕ್ಟಾ ಬಿಡಿಇ ಬಗೆಗಳು 2009ರಲ್ಲಿ, ಎಚ್‌ಬಿಸಿಡಿ 2013ರಲ್ಲಿ, ಡೆಕಾ ಬಿಡಿಇ 2017ರಲ್ಲಿ, ಬೇಗ ನಾಶವಾಗದ ವಿಷ ರಾಸಾಯನಿಕಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿ ಸೇರಿದವು. ವಿದ್ಯುತ್ ಉಪಕರಣಗಳಲ್ಲಿ ಅಪಾಯಕಾರಿ ಪದಾರ್ಥಗಳಿಗೆ ಮಿತಿ ಹಾಕುವ ಯುರೋಪಿನ ರೋಹ್ಸ್ ನಿಯಮ, ನಮ್ಮ ಇ-ತ್ಯಾಜ್ಯ ನಿಯಮ ಎರಡರಲ್ಲೂ ಪಿಬಿಬಿ, ಪಿಬಿಡಿಇ ಎಂಬ ಬ್ರೋಮಿನ್ ಗುಂಪುಗಳ ಮಿತಿ 0.1 ಶೇಕಡಾ. ಹೊಸದಾಗಿ ಸಂಶೋಧನೆ ಶುರು ಮಾಡುವವರಿಗೆ ನನ್ನ ಸಲಹೆ, ಈ ದಾರಿಗೆ ಹೋಗಲೇಬೇಡಿ. ಪೇಟೆಯಲ್ಲಿ ಹಳೆಯ ಟಿವಿ, ಕಂಪ್ಯೂಟರ್ ಕವಚ ಪುಡಿ ಮಾಡಿದ ಮರುಬಳಕೆ ಪ್ಲಾಸ್ಟಿಕ್ ತಂದು ಬೆರೆಸುವುದೂ ಬೇಡ. ಅದರೊಳಗೆ ಈ ಬ್ರೋಮಿನ್ ಪದಾರ್ಥಗಳು ಇರುವ ಸಾಧ್ಯತೆ ಇದೆ, ನಿಮ್ಮ ಲೆಕ್ಕವೆಲ್ಲ ಕೆಡುತ್ತದೆ.

ಇನ್ನೆರಡು ಹೊಂಡಗಳು. ಉಬ್ಬುವ ಪದ್ಧತಿ ಇರುವ ಮಾಲಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಫಿಲ್ಲರ್ ಹಾಕಬೇಡಿ. ಅದು ಎಪಿಪಿಯ ಆಮ್ಲವನ್ನು ತಿಂದುಹಾಕುತ್ತದೆ, ಪದರ ಉಬ್ಬುವುದಿಲ್ಲ. ಪಿಪಿಗೆ ಬಣ್ಣದ ಅಥವಾ ಫಿಲ್ಲರ್ ಮಾಸ್ಟರ್‌ಬ್ಯಾಚ್ (ಪ್ಲಾಸ್ಟಿಕ್‌ನಲ್ಲಿ ಮೊದಲೇ ದಟ್ಟವಾಗಿ ಬೆರೆಸಿಟ್ಟ ಕಾಳು) ಹಾಕುವವರು ಅದರೊಳಗೆ ಏನಿದೆ ಎಂದು ಕೇಳಿಕೊಳ್ಳಿ. ಇನ್ನು ಗಾಜಿನ ನಾರು. ಗಾಜು ಉರಿಯುವುದಿಲ್ಲ, ಹಾಗಾಗಿ ಸಹಾಯವೇ ಆಗುತ್ತದೆ ಅಂದುಕೊಳ್ಳುತ್ತಾರೆ. ನಿಜವಾಗಿ ಆ ನಾರುಗಳು ಬತ್ತಿಯ ಕೆಲಸ ಮಾಡಿ ಕರಗಿದ ಪ್ಲಾಸ್ಟಿಕನ್ನು ಜ್ವಾಲೆಗೆ ಎಳೆದು ಕೊಡುತ್ತವೆ. ನಾರಿಲ್ಲದ ನೈಲಾನ್‌ಗೆ ಸಾಕಾಗುವ ಮೆಲಮೈನ್ ಸಯನ್ಯುರೇಟ್ ಎಂಬ ಬೆಂಕಿ ತಡೆಯುವ ಪುಡಿ, ನಾರು ಸೇರಿದ ಕೂಡಲೇ ಸಾಲದೆ ಹೋಗುವುದು ಇದಕ್ಕೇ.

ಪುಡಿ ಕೈಗೆ ಬಂದ ತಕ್ಷಣ ಟಿಜಿಎ ಮಾಡಿಸಿ. ಟಿಜಿಎ ಅಂದರೆ ಬಿಸಿ ಮಾಡುತ್ತ ಹೋದಂತೆ ತೂಕ ಎಷ್ಟು ಇಳಿಯುತ್ತದೆ ಎಂದು ತೋರಿಸುವ ಯಂತ್ರ. 5ರಿಂದ 10 ಮಿಲಿಗ್ರಾಂ ಸಾಕು, ನಿಮಿಷಕ್ಕೆ 10 ಡಿಗ್ರಿ ವೇಗ. ನಿಮ್ಮ ಎಕ್ಸ್‌ಟ್ರೂಡರಿನ ಅತಿ ಹೆಚ್ಚು ತಾಪದಲ್ಲಿ ಪುಡಿಯ ತೂಕ ಇಳಿಯಲು ಶುರುವಾಗಿದ್ದರೆ ಆ ಪುಡಿ ವಾಪಸ್ ಕೊಡಿ.

ಹಂತ 3: ತೂಕದ ಲೆಕ್ಕ

1 ಕಿಲೋ ಮಾಲಿಗೆ 25 ಶೇಕಡಾ ಉಬ್ಬುವ ಪದ್ಧತಿ ಎಂದರೆ ಪಿಪಿ 750 ಗ್ರಾಂ, ಉಳಿದ 250 ಗ್ರಾಂನಲ್ಲಿ ಎಪಿಪಿ ಮೂರು ಪಾಲು, ಪೆಂಟಾಎರಿಥ್ರಿಟಾಲ್ ಒಂದು ಪಾಲು. ಅಂದರೆ 187.5 ಗ್ರಾಂ ಮತ್ತು 62.5 ಗ್ರಾಂ. ಎಂಡಿಎಚ್ ದಾರಿಯಾದರೆ ಪಿಪಿ 400 ಗ್ರಾಂ, ಎಂಡಿಎಚ್ 600 ಗ್ರಾಂ. ಈ 600 ಗ್ರಾಂನಿಂದ ಬೆಂಕಿಯಲ್ಲಿ ಹೊರಬರುವ ನೀರು ಸುಮಾರು 186 ಗ್ರಾಂ.

60 ಶೇಕಡಾ ಎಂದು ಕೇಳಿ ಗಾಬರಿಯಾಗಬೇಡಿ. ಎಂಡಿಎಚ್ ಸಾಂದ್ರತೆ 2.4ರ ಹತ್ತಿರ, ಪಿಪಿಯದು 0.9. ಗಾತ್ರದಲ್ಲಿ ಲೆಕ್ಕ ಹಾಕಿದರೆ ಎಂಡಿಎಚ್ 36 ಶೇಕಡಾ ಆಸುಪಾಸು ಅಷ್ಟೇ. ಹಾಗೆಂದು ಮಾಲು ಹಗುರ ಇರುವುದಿಲ್ಲ. ಗ್ರಾಹಕರು ಪೀಸಿನ ಲೆಕ್ಕದಲ್ಲಿ ಕೊಳ್ಳುವವರಾದರೆ ತೂಕದ ವಿಷಯ ಮೊದಲೇ ಹೇಳಿಬಿಡಿ.

ಏನೂ ಹಾಕದ ಪಿಪಿಯ ಒಂದು ಬ್ಯಾಚ್ ಕಡ್ಡಾಯ. ಅದನ್ನೂ ಎಕ್ಸ್‌ಟ್ರೂಡರಿನಲ್ಲಿ ಓಡಿಸಿಯೇ ಪಟ್ಟಿ ಮಾಡಿ. ಚೀಲದಿಂದ ನೇರ ತೆಗೆದ ಗ್ರ್ಯಾನ್ಯೂಲಿನ ಜೊತೆ ಹೋಲಿಸಿದರೆ ಹೋಲಿಕೆ ನ್ಯಾಯವಾಗುವುದಿಲ್ಲ. ಆಮೇಲೆ 20, 25, 30 ಶೇಕಡಾ ಎಂದು ಮೂರು ಬ್ಯಾಚ್. ಕಲಿಯುವವರಿಗೆ ಇಷ್ಟು ಸಾಕು. ಹತ್ತು ಹದಿನೈದು ಬ್ಯಾಚ್ ಯೋಜನೆ ಹಾಕಿಕೊಂಡವರು ಸಾಮಾನ್ಯವಾಗಿ ಒಂದನ್ನೂ ಸರಿಯಾಗಿ ಸುಡುವುದಿಲ್ಲ.

ಹಂತ 4: ಬೆರೆಸುವುದು

ಪುಡಿಗಳನ್ನು ಓವನ್ನಿನಲ್ಲಿ ಒಣಗಿಸಿ, 80 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟರೆ ಆಯಿತು. ಎಕ್ಸ್‌ಟ್ರೂಡರ್ ತಾಪ ಮಾಮೂಲಿ ಪಿಪಿಗಿಂತ ಸ್ವಲ್ಪ ಕಡಿಮೆ, 180ರಿಂದ 200ರೊಳಗೆ ಹಿಡಿಯಿರಿ. ಸ್ಕ್ರೂ ಜೋರಾಗಿ ತಿರುಗಿಸಿದರೆ ಉಜ್ಜುವ ಬಿಸಿಗೇ ಒಳಗಿನ ತಾಪ ಪರದೆಯ ಮೇಲೆ ಕಾಣುವುದಕ್ಕಿಂತ ಜಾಸ್ತಿ ಆಗಿರುತ್ತದೆ. ಅನುಮಾನ ಬಂದರೆ ಡೈ ಬಳಿ ಮಾಲಿಗೇ ತಾಪ ಅಳೆಯುವ ಥರ್ಮೊಕಪಲ್ ಚುಚ್ಚಿ ನೋಡಿ. ಅಮೋನಿಯಾ ವಾಸನೆ ಮೂಗಿಗೆ ಹೊಡೆದರೆ ಎಪಿಪಿ ಒಡೆಯುತ್ತಿದೆ ಎಂದೇ ಲೆಕ್ಕ.

ಉಬ್ಬುವ ಪದ್ಧತಿಯಲ್ಲಿ ಇನ್ನೊಂದು ಎಚ್ಚರಿಕೆ. ಡೈಯಿಂದ ಬರುವ ಎಳೆಯನ್ನು ನೀರಿನ ತೊಟ್ಟಿಗೆ ಬಿಡುವುದು ಎಲ್ಲರ ಅಭ್ಯಾಸ. ಪೆಂಟಾಎರಿಥ್ರಿಟಾಲ್ ನೀರಿನಲ್ಲಿ ಕರಗುತ್ತದೆ, ಮಾಲು ತೇವವನ್ನೂ ಹೀರುತ್ತದೆ. ಆಮೇಲೆ ಮೋಲ್ಡಿಂಗಿನಲ್ಲಿ ಬೆಳ್ಳಿ ಗೆರೆ, ಗುಳ್ಳೆ. ಗಾಳಿಯಲ್ಲಿ ತಣಿಸುವ ಬೆಲ್ಟ್ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ನೀರಿನಲ್ಲಿ ಸ್ವಲ್ಪವೇ ಹೊತ್ತು ಮುಳುಗುವಂತೆ ಮಾಡಿ, ತಕ್ಷಣ ಗಾಳಿ ಊದಿ, ಮತ್ತೆ ಒಣಗಿಸಿ.

ಎಂಡಿಎಚ್ ದಾರಿಯಲ್ಲಿ ಪುಡಿ ಪಿಪಿಗೆ ಅಂಟಿಕೊಳ್ಳುವುದಿಲ್ಲ ಅನ್ನುವುದೇ ದೊಡ್ಡ ತಲೆನೋವು. ಮಲೈಕ್ ಅನ್‌ಹೈಡ್ರೈಡ್ ಕಸಿ ಮಾಡಿದ ಪಿಪಿಯನ್ನು ಸ್ವಲ್ಪ ಸೇರಿಸಿ. ಅದು ಪುಡಿಗೂ ಪಿಪಿಗೂ ನಡುವೆ ಕೊಂಡಿ ಹಾಕುತ್ತದೆ. ಪುಡಿಯನ್ನು ಒಂದೇ ಸಲ ಸುರಿಯಬೇಡಿ, ಎಕ್ಸ್‌ಟ್ರೂಡರಿನ ಪಕ್ಕದಿಂದ ಪುಡಿ ಕೊಡುವ ಸೈಡ್ ಫೀಡರ್ ಇದ್ದರೆ ಅರ್ಧ ಅಲ್ಲಿಂದ ಕೊಡಿ.

ಚೆನ್ನಾಗಿ ಬೆರೆತಿದೆಯೇ ಎಂದು ನೋಡಲು ಸುಲಭ ಉಪಾಯ: ಬಿಸಿ ಪ್ರೆಸ್ಸಿನಲ್ಲಿ ತೆಳ್ಳನೆಯ ಹಾಳೆ ಒತ್ತಿ ಬೆಳಕಿಗೆ ಹಿಡಿಯಿರಿ. ಬಿಳಿ ಚುಕ್ಕೆ ಕಂಡರೆ ಪುಡಿ ಗಂಟು ಕಟ್ಟಿದೆ. ಅಂಥ ಮಾಲಿನಿಂದ ಮಾಡಿದ ಐದು ಪಟ್ಟಿಗಳು ಐದು ಬಗೆಯಲ್ಲಿ ಉರಿಯುತ್ತವೆ.

ಹಂತ 5: ಪಟ್ಟಿ ಮಾಡಿ ಪಕ್ವಕ್ಕೆ ತರುವುದು

ಯುಎಲ್ 94ಕ್ಕೆ ಪಟ್ಟಿ 125 ಮಿಮೀ ಉದ್ದ, 13 ಮಿಮೀ ಅಗಲ. ಉದ್ದದಲ್ಲಿ 5 ಮಿಮೀ, ಅಗಲದಲ್ಲಿ ಅರ್ಧ ಮಿಮೀ ಮಾತ್ರ ಹೆಚ್ಚು ಕಡಿಮೆ ಆಗಬಹುದು. ಅಂಚು ನುಣ್ಣಗಿರಬೇಕು. ಮೋಲ್ಡಿನ ಸಂದಿಯಲ್ಲಿ ಬಂದ ತೆಳ್ಳನೆಯ ಫ್ಲ್ಯಾಶ್ ಉಳಿದರೆ ಅಲ್ಲೇ ಬೆಂಕಿ ಹಿಡಿಯುತ್ತದೆ. ಹಾಳೆಯಿಂದ ಕತ್ತರಿಸಿದ್ದರೆ ಅಂಚನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ.

ಒಂದು ಬ್ಯಾಚಿಗೆ ಐದು ಪಟ್ಟಿಗಳ ಎರಡು ಗುಂಪು ಬೇಕು. ಒಂದು ಗುಂಪು 23 ಡಿಗ್ರಿ, 50 ಶೇಕಡಾ ತೇವದಲ್ಲಿ ಕನಿಷ್ಠ 48 ಗಂಟೆ ಇರಬೇಕು. ಇನ್ನೊಂದು ಗುಂಪು 70 ಡಿಗ್ರಿ ಓವನ್ನಿನಲ್ಲಿ 168 ಗಂಟೆ, ಅಂದರೆ ಒಂದು ವಾರ. ಆಮೇಲೆ ತೇವ ತಾಗದ ಡೆಸಿಕೇಟರಿನಲ್ಲಿ ಕನಿಷ್ಠ 4 ಗಂಟೆ ತಣಿಯಬೇಕು. ಈ ಒಂದು ವಾರದ ಗುಂಪನ್ನು ನಮ್ಮ ಕಡೆ ಎಷ್ಟೋ ಪ್ರಾಜೆಕ್ಟುಗಳಲ್ಲಿ ಬಿಟ್ಟೇಬಿಡುತ್ತಾರೆ. ಪುಡಿ ಮೇಲ್ಮೈಗೆ ಬಂದು ಕೂರುವ ಗುಣ ಇದ್ದರೆ ಅದು ಹೊರಬೀಳುವುದು ಈ ಗುಂಪಿನಲ್ಲೇ. ಬಿಡಬೇಡಿ. ಪ್ರತಿ ಬ್ಯಾಚಿಗೆ ಇಪ್ಪತ್ತು ಪಟ್ಟಿ ಮಾಡಿಟ್ಟುಕೊಂಡರೆ ಮರುಪರೀಕ್ಷೆಗೂ ಆಗುತ್ತದೆ.

ಹಂತ 6: ಸುಡುವುದು

ಮೊದಲು ನಿಮ್ಮ ಜೀವದ ವಿಷಯ. ಕಾಟನ್ ಏಪ್ರನ್ ಹಾಕಿ, ಸಿಂಥೆಟಿಕ್ ಬಟ್ಟೆ ಬೇಡ. ಕನ್ನಡಕ, ಕೈಗವಸು, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್. ಯಾವ ಪ್ಲಾಸ್ಟಿಕ್ ಉರಿದರೂ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ನೈಲಾನಿನಿಂದ ಹೈಡ್ರೊಜನ್ ಸಯನೈಡ್, ಪಿವಿಸಿಯಿಂದ ಹೈಡ್ರೊಕ್ಲೋರಿಕ್ ಆಮ್ಲ. ಮನೆಯ ಗ್ಯಾಸ್ ಒಲೆ ಮೇಲೆ "ಸುಮ್ನೆ ಒಂದು ಸಲ ನೋಡೋಣ" ಎಂದು ದಯವಿಟ್ಟು ಮಾಡಬೇಡಿ. ಒಬ್ಬರೇ ಇರುವಾಗಲೂ ಬೇಡ.

ಪರೀಕ್ಷೆ ನಡೆಯುವ ಪೆಟ್ಟಿಗೆ ಕನಿಷ್ಠ ಅರ್ಧ ಘನ ಮೀಟರ್ ಇರಬೇಕು. ಸುಡುವಾಗ ಫ್ಯಾನ್ ಆಫ್, ಮುಗಿದ ಕೂಡಲೇ ಆನ್. ಫ್ಯಾನ್ ಓಡುತ್ತಿರುವಾಗಲೇ ಸುಟ್ಟು "ಎರಡು ಸೆಕೆಂಡಿಗೆ ಆರಿತು" ಎಂದು ಬರೆಯುವವರಿದ್ದಾರೆ. ಆರಿಸಿದ್ದು ಫ್ಯಾನು.

ಬರ್ನರಿಗೆ ಮೀಥೇನ್ ಅನಿಲ, ನಿಮಿಷಕ್ಕೆ 105 ಮಿಲೀ. ಜ್ವಾಲೆ 20 ಮಿಮೀ ಎತ್ತರ, ಒಂದು ಮಿಮೀ ಆಚೀಚೆ. ಹಳದಿ ತುದಿ ಹೋಗಿ ಪೂರ್ತಿ ನೀಲಿಯಾಗುವವರೆಗೆ ಗಾಳಿ ಹೊಂದಿಸಿ. ಇದರ ಶಕ್ತಿ ಸುಮಾರು 50 ವ್ಯಾಟ್. ಕಾಲೇಜಿನ ಬುನ್ಸೆನ್ ಬರ್ನರಿಗೆ ಎಲ್‌ಪಿಜಿ ಕೊಟ್ಟು ಮಾಡಿದರೆ ಬಿಸಿಯ ಲೆಕ್ಕ ಬೇರೆಯೇ ಆಗುತ್ತದೆ. ಹಾಗೆ ಮಾಡಿ ಕಲಿಯಬಹುದು. ಆದರೆ ವರದಿಯಲ್ಲಿ "ಯುಎಲ್ 94 ಮಾದರಿಯ ಒಳಪರೀಕ್ಷೆ" ಎಂದೇ ಬರೆಯಬೇಕು, ಯುಎಲ್ 94 ಎಂದು ಬರೆಯುವಂತಿಲ್ಲ.

ಈಗ ಕ್ರಮ ನೋಡಿ. ಪಟ್ಟಿಯ ಮೇಲ್ತುದಿಯ 6 ಮಿಮೀ ಮಾತ್ರ ಕ್ಲಾಂಪಿನಲ್ಲಿ ಹಿಡಿಸಿ ನೇರ ತೂಗುಹಾಕಿ. ಕೆಳತುದಿಯಿಂದ 300 ಮಿಮೀ ಕೆಳಗೆ 50 ಮಿಮೀ ಚೌಕದ ತೆಳು ಹತ್ತಿ ಹಾಸಿ. ಹತ್ತಿ 0.08 ಗ್ರಾಂ ಮೀರಬಾರದು. ದಪ್ಪಗೆ ಒತ್ತಿದ ಹತ್ತಿ ಬೇಗ ಹತ್ತುವುದಿಲ್ಲ, ಅಲ್ಲಿ ಫಲಿತಾಂಶ ಸುಳ್ಳಾಗುತ್ತದೆ. ಬರ್ನರಿನ ಬಾಯಿ ಪಟ್ಟಿಯ ತುದಿಯಿಂದ 10 ಮಿಮೀ ಕೆಳಗಿರಲಿ. 10 ಸೆಕೆಂಡು ಜ್ವಾಲೆ ಹಿಡಿಯಿರಿ. ಪಟ್ಟಿ ಕರಗಿ ಕುಗ್ಗಿದರೆ ಬರ್ನರನ್ನೂ ಜೊತೆಗೇ ಮೇಲಕ್ಕೆ ಒಯ್ದು ಆ 10 ಮಿಮೀ ಉಳಿಸಿಕೊಳ್ಳಿ. ಹನಿ ಬೀಳುವ ಮಾಲಾದರೆ ಬರ್ನರನ್ನು 45 ಡಿಗ್ರಿವರೆಗೆ ಓರೆ ಮಾಡಬಹುದು. ಇಲ್ಲದಿದ್ದರೆ ಹನಿ ಬರ್ನರಿನ ಬಾಯೊಳಗೇ ಬೀಳುತ್ತದೆ.

ಬರ್ನರ್ ತೆಗೆದ ಕ್ಷಣ ವಾಚ್ ಒತ್ತಿ. ಜ್ವಾಲೆ ಆರುವವರೆಗಿನ ಸಮಯ ಟಿ1. ಆರಿದ ಕೂಡಲೇ, ತಡ ಮಾಡದೆ, ಮತ್ತೆ 10 ಸೆಕೆಂಡು ಹಿಡಿಯಿರಿ. ಈಗಿನ ಜ್ವಾಲೆಯ ಸಮಯ ಟಿ2. ಜ್ವಾಲೆ ಆರಿದ ಮೇಲೂ ಕೆಂಡದ ಹಾಗೆ ಹೊಳೆಯುತ್ತಿದ್ದರೆ ಆ ಸಮಯ ಟಿ3. ಹತ್ತಿ ಹೊತ್ತಿತೇ, ಬೆಂಕಿ ಕ್ಲಾಂಪ್ ಮುಟ್ಟಿತೇ, ಇವೆರಡನ್ನೂ ಬರೆಯಿರಿ. ಇಬ್ಬರು ಇದ್ದರೆ ಒಳ್ಳೆಯದು, ಒಬ್ಬರು ಬರ್ನರ್ ಹಿಡಿಯಲಿ, ಒಬ್ಬರು ವಾಚ್. ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟರೆ ಟಿ2 ಬಗ್ಗೆ ಜಗಳ ಬಂದಾಗ ನೋಡಿಕೊಳ್ಳಬಹುದು.

ಹಂತ 7: ದರ್ಜೆ ಕೊಡುವುದು

ವಿ-0 ಬೇಕಾದರೆ ಪ್ರತಿ ಪಟ್ಟಿಯ ಟಿ1, ಟಿ2 ಯಾವುದೂ 10 ಸೆಕೆಂಡ್ ಮೀರಬಾರದು. ಐದೂ ಪಟ್ಟಿಗಳ ಟಿ1, ಟಿ2 ಎಲ್ಲ ಕೂಡಿಸಿದರೆ 50 ಮೀರಬಾರದು. ಟಿ2 ಮತ್ತು ಟಿ3 ಸೇರಿ 30 ದಾಟಬಾರದು. ಬೆಂಕಿ ಕ್ಲಾಂಪ್ ಮುಟ್ಟಬಾರದು, ಹತ್ತಿ ಹೊತ್ತಬಾರದು. ವಿ-1ಕ್ಕೆ ಇದೇ ಅಂಕಿಗಳು 30, 250, 60 ಆಗುತ್ತವೆ, ಹತ್ತಿ ಆಗಲೂ ಹೊತ್ತಬಾರದು. ವಿ-2ಕ್ಕೆ ಸಮಯ ವಿ-1ರದ್ದೇ, ಉರಿಯುವ ಹನಿ ಬಿದ್ದು ಹತ್ತಿ ಹೊತ್ತಿದರೂ ನಡೆಯುತ್ತದೆ.

ಉದಾಹರಣೆಗೆ ಐದು ಪಟ್ಟಿಗಳ ಟಿ1, ಟಿ2 ಹೀಗೆ ಬಂತು ಅನ್ನಿ: 2 ಮತ್ತು 6, 1 ಮತ್ತು 8, 3 ಮತ್ತು 9, 2 ಮತ್ತು 7, 4 ಮತ್ತು 9. ಬಿಡಿಬಿಡಿಯಾಗಿ ಒಂದೂ 10 ದಾಟಿಲ್ಲ. ಖುಷಿಯಾಗಿ ವಿ-0 ಬರೆದುಬಿಡುತ್ತೀರಿ, ಅಲ್ವಾ? ಕೂಡಿಸಿ ನೋಡಿ, 51. ವಿ-0 ಅಲ್ಲ. ಒಟ್ಟು 51ರಿಂದ 55ರೊಳಗೆ ಬಂದರೆ, ಅಥವಾ ಐದರಲ್ಲಿ ಒಂದೇ ಪಟ್ಟಿ ಕೈಕೊಟ್ಟರೆ, ಇನ್ನೊಂದು ಐದರ ಗುಂಪು ಸುಡಲು ನಿಯಮ ಅವಕಾಶ ಕೊಡುತ್ತದೆ. ಆ ಗುಂಪಿನಲ್ಲಿ ಎಲ್ಲವೂ ಪಾಸಾಗಬೇಕು. ಚೆನ್ನಾಗಿ ಬಂದ ಐದನ್ನು ಹತ್ತರಿಂದ ಆರಿಸಿಕೊಳ್ಳುವುದಕ್ಕೆ ಮಾತ್ರ ನಿಯಮದಲ್ಲಿ ಜಾಗ ಇಲ್ಲ.

ಏನೂ ಹಾಕದ ಪಿಪಿ ಉರಿಯುವ ಹನಿ ಸುರಿಸುತ್ತ ಮೇಲಿನವರೆಗೂ ಉರಿಯುತ್ತದೆ. ಅದಕ್ಕೆ ಅಡ್ಡಡ್ಡ ಮಲಗಿಸಿ ಸುಡುವ ಎಚ್‌ಬಿ ಪರೀಕ್ಷೆ. ಅಲ್ಲಿ 25 ಮತ್ತು 100 ಮಿಮೀ ಗುರುತುಗಳ ನಡುವೆ ಬೆಂಕಿ ಹರಿಯುವ ವೇಗ ಅಳೆಯುತ್ತಾರೆ. 3 ಮಿಮೀ ಅಥವಾ ಹೆಚ್ಚು ದಪ್ಪದ ಪಟ್ಟಿಯಲ್ಲಿ ನಿಮಿಷಕ್ಕೆ 40 ಮಿಮೀ, ಅದಕ್ಕಿಂತ ತೆಳ್ಳಗಿದ್ದರೆ 75 ಮಿಮೀ ಮಿತಿ.

ಹಂತ 8: ಆಕ್ಸಿಜನ್ ಇಂಡೆಕ್ಸ್

ಪಟ್ಟಿ ಮೇಣದ ಬತ್ತಿಯಂತೆ ಮೇಲಿನಿಂದ ಕೆಳಕ್ಕೆ ಉರಿಯುತ್ತಿರಲು ಕನಿಷ್ಠ ಎಷ್ಟು ಶೇಕಡಾ ಆಮ್ಲಜನಕ ಬೇಕು ಅನ್ನುವ ಅಂಕಿ ಇದು. ಎಲ್‌ಒಐ ಎಂದೂ ಕರೆಯುತ್ತಾರೆ. ಜನರಲ್ ಎಲೆಕ್ಟ್ರಿಕ್‌ನ ಫೆನಿಮೋರ್ ಮತ್ತು ಮಾರ್ಟಿನ್ 1966ರಲ್ಲಿ ಇದನ್ನು ಮುಂದಿಟ್ಟರು. ಗಾಳಿಯಲ್ಲಿ ಸುಮಾರು 21 ಶೇಕಡಾ ಆಮ್ಲಜನಕ ಇದೆ. ಪಿಪಿಯ ಅಂಕಿ 17ರಿಂದ 18. ಅದಕ್ಕೇ ಅದು ಅಷ್ಟು ಆರಾಮಾಗಿ ಉರಿಯುತ್ತದೆ. ಪಾಲಿಕಾರ್ಬೊನೇಟ್ 26ರ ಸುತ್ತ, ಗಟ್ಟಿ ಪಿವಿಸಿ 45ರ ಮೇಲೆ, ಟೆಫ್ಲಾನ್ 95.

ಪಟ್ಟಿ 80ರಿಂದ 150 ಮಿಮೀ ಉದ್ದ, 10 ಅಗಲ, 4 ದಪ್ಪ. ಗಾಜಿನ ಕೊಳವೆಯಲ್ಲಿ ಅನಿಲ ಸೆಕೆಂಡಿಗೆ 40 ಮಿಮೀ ವೇಗದಲ್ಲಿ ಏರಬೇಕು. ಹಚ್ಚಿದ ಮೇಲೆ 180 ಸೆಕೆಂಡ್ ಉರಿದರೆ ಅಥವಾ 50 ಮಿಮೀ ಕೆಳಗಿಳಿದರೆ ಆಮ್ಲಜನಕ ಜಾಸ್ತಿ ಆಯಿತೆಂದು ಅರ್ಥ, ಕಡಿಮೆ ಮಾಡಿ. ಬೇಗ ಆರಿದರೆ ಹೆಚ್ಚಿಸಿ. ಹೀಗೆ ಏರಿಸುತ್ತ ಇಳಿಸುತ್ತ ಅಂಕಿಗೆ ಬರಬೇಕು. ಹದಿನೈದು ಪಟ್ಟಿಯಾದರೂ ಇಟ್ಟುಕೊಳ್ಳಿ. ಆಮ್ಲಜನಕದ ಸಿಲಿಂಡರಿನ ರೆಗ್ಯುಲೇಟರಿಗೆ ಎಣ್ಣೆ, ಗ್ರೀಸ್ ತಾಗಿಸಲೇಬಾರದು. ಒತ್ತಡದ ಆಮ್ಲಜನಕದಲ್ಲಿ ಗ್ರೀಸ್ ತಾನಾಗಿಯೇ ಹೊತ್ತಿಕೊಳ್ಳಬಹುದು.

"ಎಲ್‌ಒಐ 28 ದಾಟಿದರೆ ವಿ-0 ಗ್ಯಾರಂಟಿ" ಅನ್ನುವ ಮಾತು ಓಡಾಡುತ್ತಿದೆ. ಗ್ಯಾರಂಟಿ ಏನಿಲ್ಲ. ಒಂದು ಪರೀಕ್ಷೆಯಲ್ಲಿ ಬೆಂಕಿ ಮೇಲಿನಿಂದ ಕೆಳಕ್ಕೆ ಹೋಗುತ್ತದೆ, ಇನ್ನೊಂದರಲ್ಲಿ ಕೆಳಗಿನಿಂದ ಮೇಲಕ್ಕೆ. ಜೊತೆಗೆ, ಹನಿ ಬೀಳುವ ಪ್ಲಾಸ್ಟಿಕ್ ಬಿಸಿಯನ್ನು ಹನಿಯ ಜೊತೆ ಕಳೆದುಕೊಂಡು ಎಲ್‌ಒಐನಲ್ಲಿ ಒಳ್ಳೆಯದರಂತೆ ಕಾಣಿಸಿಕೊಳ್ಳುತ್ತದೆ.

ಹಂತ 9: ಕೋನ್ ಕ್ಯಾಲೊರಿಮೀಟರ್, ಸಿಕ್ಕಿದರೆ

ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ವೈಟೆನಿಸ್ ಬಾಬ್ರೌಸ್ಕಾಸ್ 1980ರ ದಶಕದ ಆರಂಭದಲ್ಲಿ ರೂಪಿಸಿದ ಯಂತ್ರ ಇದು. 100 ಮಿಮೀ ಚೌಕದ ತುಂಡನ್ನು ಶಂಕುವಿನಾಕಾರದ ಹೀಟರಿನ ಕೆಳಗಿಟ್ಟು, ಸಾಮಾನ್ಯವಾಗಿ ಚದರ ಮೀಟರಿಗೆ 35 ಅಥವಾ 50 ಕಿಲೋವ್ಯಾಟ್ ಬಿಸಿ ಕೊಡುತ್ತಾರೆ. ಬಿಸಿಯನ್ನು ನೇರ ಅಳೆಯುವುದಿಲ್ಲ. ಎಷ್ಟು ಆಮ್ಲಜನಕ ಖರ್ಚಾಯಿತು ಎಂದು ನೋಡುತ್ತಾರೆ. ಒಂದು ಕಿಲೋ ಆಮ್ಲಜನಕ ಖರ್ಚಾದರೆ ಸುಮಾರು 13.1 ಮೆಗಾಜೂಲ್ ಬಿಸಿ, ಉರಿಯುವುದು ಯಾವ ಪ್ಲಾಸ್ಟಿಕ್ ಆದರೂ ಹೆಚ್ಚು ಕಡಿಮೆ ಇಷ್ಟೇ.

ಒಂದೊಂದು ಬ್ಯಾಚಿಗೆ ಮೂರು ತುಂಡು ಬೇಕು. ಖರ್ಚು ಜಾಸ್ತಿ, ಆದ್ದರಿಂದ ಯುಎಲ್ 94ರಲ್ಲಿ ಗೆದ್ದ ಬ್ಯಾಚ್ ಮತ್ತು ಏನೂ ಹಾಕದ ಪಿಪಿ, ಇವೆರಡನ್ನೇ ಕಳಿಸಿ. ಉಬ್ಬುವ ಮಾಲಾದರೆ ಮೊದಲೇ ಲ್ಯಾಬಿನವರಿಗೆ ತಿಳಿಸಿ. ಮಾಮೂಲಿ ಅಂತರ 25 ಮಿಮೀ. ಉಬ್ಬಿದ ಇದ್ದಿಲು ಹೀಟರಿಗೆ ಹೋಗಿ ತಾಗಿದರೆ ಯಂತ್ರವೂ ಕೆಡುತ್ತದೆ, ಅಂಕಿಯೂ ಕೆಡುತ್ತದೆ. ಅಂಥದ್ದಕ್ಕೆ 60 ಮಿಮೀ ಅಂತರ ಇಡುವ ಅವಕಾಶ ಇದೆ.

ರೇಖೆ ಓದುವಾಗ ಶಿಖರದ ಎತ್ತರ ಒಂದನ್ನೇ ನೋಡಬೇಡಿ. ಹೊತ್ತಲು ಎಷ್ಟು ಸಮಯ ಹಿಡಿಯಿತು, ಒಟ್ಟು ಬಿಸಿ ಎಷ್ಟು ಎಂದೂ ನೋಡಿ. ಶಿಖರ ಇಳಿದು ಒಟ್ಟು ಬಿಸಿ ಅಷ್ಟೇ ಇದ್ದರೆ ಪ್ಲಾಸ್ಟಿಕ್ ಪೂರ್ತಿಯೇ ಉರಿದಿದೆ, ನಿಧಾನವಾಗಿ ಅಷ್ಟೇ.

ಹಂತ 10: ವರದಿ

ಪಟ್ಟಿಯ ದಪ್ಪ, ಬಣ್ಣ, ಪಿಪಿಯ ಗ್ರೇಡ್, ಪುಡಿಯ ಶೇಕಡಾ ತೂಕದಲ್ಲೋ ಗಾತ್ರದಲ್ಲೋ, ಎರಡೂ ಗುಂಪುಗಳ ಪ್ರತಿ ಪಟ್ಟಿಯ ಸಮಯ, ಹತ್ತಿಯ ಸ್ಥಿತಿ, ಎಲ್ಲ ಬರಬೇಕು. ಸರಾಸರಿ ಮಾತ್ರ ಕೊಟ್ಟರೆ ಆ ವರದಿ ಯಾರ ಉಪಯೋಗಕ್ಕೂ ಬರುವುದಿಲ್ಲ. ಎಳೆತದ ಬಲ, ಬಡಿತ ತಡೆಯುವ ಬಲ ಎರಡನ್ನೂ ಪಕ್ಕದಲ್ಲೇ ಹಾಕಿ. ಬೆಂಕಿ ತಡೆದು ಕೈಯಲ್ಲೇ ಮುರಿಯುವ ಪ್ಲಾಸ್ಟಿಕ್ ಯಾರಿಗೆ ಬೇಕು? "ಫೈರ್‌ಪ್ರೂಫ್" ಎಂಬ ಪದ ಎಲ್ಲೂ ಬೇಡ. ವಿ-0 ಮಾಲೂ ದೊಡ್ಡ ಬೆಂಕಿಯಲ್ಲಿ ಉರಿಯುತ್ತದೆ.

ಗ್ರಾಹಕರಿಗೆ ಕೊಡುವ ಸರ್ಟಿಫಿಕೇಟ್ ಬೇಕಿದ್ದರೆ ನಿಮ್ಮ ಒಳಪರೀಕ್ಷೆ ಸಾಲದು. ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆ ಇರುವ ಲ್ಯಾಬಿಗೆ ಕಳಿಸಿ. ಕಳಿಸುವ ಮೊದಲು ಅವರ ಮಾನ್ಯತೆಯ ಪಟ್ಟಿಯಲ್ಲಿ ನಿಮಗೆ ಬೇಕಾದ ಪರೀಕ್ಷೆ ಇದೆಯೇ ಎಂದು ನೋಡಿ. ಲ್ಯಾಬಿಗೆ ಮಾನ್ಯತೆ ಇದ್ದು ಆ ಪರೀಕ್ಷೆಗೆ ಮಾತ್ರ ಇಲ್ಲದಿರುವುದುಂಟು. ಮಾಲಿಗೆ ಕೊನೆಗೆ ಕಪ್ಪು ಬಣ್ಣ ಹಾಕುವವರಾದರೆ ಕಪ್ಪು ಪಟ್ಟಿಯನ್ನೇ ಕಳಿಸಿ. ಬಿಳಿಯಲ್ಲಿ ಸಿಕ್ಕ ವಿ-0 ಕಪ್ಪಿಗೆ ತಾನಾಗಿ ಅನ್ವಯ ಆಗುವುದಿಲ್ಲ. ಮಾಸ್ಟರ್‌ಬ್ಯಾಚಿನ ಕಂಪನಿ ಬದಲಾಯಿಸಿದರೂ ಒಂದು ಸಲ ಸುಟ್ಟು ನೋಡಿ.